ಬೆಲ್ಲ ಹಾಕದ ಗಿಣ್ಣು

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಿಂದ ಹೊಸಹೊಳಲಿಗೆ ಸೊಸೆಯಾಗಿ ಬಂದ ಮೇಲೆ ನನಗದು ಎರಡನೆಯ ಬೇಸಿಗೆ. ಗಂಡ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದರು. ಮಾವ ಬೆಳಗಾದರೆ ಗದ್ದೆಯ ಕಡೆ ಹೊರಟುಬಿಡುತ್ತಿದ್ದರು. ಮನೆ, ಹಿತ್ತಲು, ಕೊಟ್ಟಿಗೆ ಎಲ್ಲವೂ ಅತ್ತೆಯ ಕೈಯಲ್ಲಿತ್ತು. ಮಾತು ಕಡಿಮೆ ಆಡುವ ಹೆಂಗಸು ಅವರು. ಹಿಂದಿನ ಮಳೆಗಾಲದಲ್ಲಿ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿಕೊಂಡಿದ್ದರೂ ಹಿಡಿತಕ್ಕೆ ಮೊದಲಿನ ಬಲ ಬಂದಿರಲಿಲ್ಲ. ಆ ಬಗ್ಗೆ ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ನನ್ನ ಗಂಡ ಒಬ್ಬ ವಿದೇಶಿ ಹೆಂಗಸನ್ನು ಕರೆದುಕೊಂಡು ಬಂದರು. ಐವತ್ತು ದಾಟಿದ ವಯಸ್ಸು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿ ಮೂಗಿನ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು. ಊರಿನ ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆಗಳ ಕೆಳಗಿನ ಸಾಲುಕೆತ್ತನೆಗಳನ್ನು ನೋಡಿ ಚಿತ್ರ ಬರೆದುಕೊಳ್ಳಲು ಇಟಲಿಯಿಂದ ಬಂದಿದ್ದರು. ಅಲ್ಲಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರಂತೆ. ದಿನಾ ಮೈಸೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವತ್ತು ದೇವಸ್ಥಾನದ ಮುಂದೆ ತಲೆ ಸುತ್ತಿ ಕೂತುಬಿಟ್ಟಿದ್ದನ್ನು ಕಂಡು ನನ್ನ ಗಂಡ, ನಮ್ಮ ಹೊರಕೋಣೆ ಖಾಲಿ ಇದೆ, ಕೆಲಸ ಮುಗಿಯುವವರೆಗೆ ಅಲ್ಲೇ ಇರಿ ಎಂದುಬಿಟ್ಟಿದ್ದರು.

ಅತ್ತೆ ಮಗನನ್ನು ಅಡುಗೆಮನೆಗೆ ಕರೆದು ಕೇಳಿದ್ದು ಒಂದೇ ಮಾತು. "ಮುದ್ದೆ ಉಣ್ತಾಳೇನ್ಲಾ?"

"ಉಣ್ದೆ ಏನವ್ವಾ, ಕಲ್ತ್ಕೋತಾರೆ ಬುಡು."

ಉಂಡರು. ಮೊದಲ ದಿನ ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡರು. ಅಗಿಯದೆ ನುಂಗಬೇಕು ಎಂದು ಅತ್ತೆ ತಾವೇ ಎದುರಿಗೆ ಕೂತು ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸಿದರು. ಮಾರನೆಯ ದಿನವೇ ಆಕೆ ಕಲಿತುಬಿಟ್ಟರು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೆಯೇ ಕುಂಟುತ್ತಿತ್ತು. ಹಾಗಾಗಿ ನಮ್ಮಿಬ್ಬರಿಗೂ ಒಬ್ಬರ ಮುಂದೆ ಒಬ್ಬರಿಗೆ ನಾಚಿಕೆಯಾಗಲಿಲ್ಲ. ಪದ ಸಿಗದ ಕಡೆ ಕೈ ಆಡಿಸುತ್ತಿದ್ದೆವು.

ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ತಲೆಯಲ್ಲಿ ಮಲ್ಲಿಗೆಯೂ ಕಾಮಕಸ್ತೂರಿಯೂ ಸೇರಿಸಿ ಕಟ್ಟಿದ ಹೂವಿತ್ತು. ಬಚ್ಚಲ ನೀರು ಹರಿದುಹೋಗುವ ಕಡೆ ಅತ್ತೆ ಒಂದು ಸಾಲು ಕಾಮಕಸ್ತೂರಿ ಹಾಕಿದ್ದರು. ಘಮ್ಮೆನ್ನುವ ಆ ಎಲೆ ಹೂವಿನ ನಡುನಡುವೆ ಇಲ್ಲದಿದ್ದರೆ ಅವರಿಗೆ ಹೂ ಕಟ್ಟಿದ ಹಾಗೇ ಆಗುತ್ತಿರಲಿಲ್ಲ. ದೇವಸ್ಥಾನದಿಂದ ಬಂದ ಆಕೆ ನನ್ನ ಹಿಂದಿನಿಂದ ಹಾದು ಹೋದವರು ತಟ್ಟನೆ ನಿಂತರು. ಬಗ್ಗಿ ನನ್ನ ಜಡೆಗೆ ಮೂಗು ತಂದರು. ನಾನು ಗಾಬರಿಯಾಗಿ ತಿರುಗುವಷ್ಟರಲ್ಲಿ ಹೂವಿನಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದರು. ಏನೋ ಹೆಸರು ಹೇಳಿ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿಕೊಂಡಿತ್ತು.

ಒಲೆಯ ಮುಂದಿದ್ದ ಅತ್ತೆ ಇಣುಕಿ ನೋಡಿ, "ಅಯ್ ಶಿವ್ನೆ, ಮುಡ್ಕೊಳೋದ್ನ ತಿಂತಾವ್ಳಲ್ಲವ್ವಾ!" ಎಂದರು.

ಆಮೇಲೆ ಆಕೆ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇದು. ಅವರ ಊರಲ್ಲಿ ಬೇಸಿಗೆ ಬಂತೆಂದರೆ ಯಾರೂ ಮಧ್ಯಾಹ್ನ ಒಲೆ ಹಚ್ಚುವುದಿಲ್ಲ. ಟೊಮೇಟೊವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ತಟ್ಟೆಯಲ್ಲಿ ಹರಡುತ್ತಾರೆ. ಪಕ್ಕದಲ್ಲಿ ಎಮ್ಮೆ ಹಾಲಿನಿಂದ ಮಾಡಿದ ಬೆಳ್ಳಗಿನ ಮೆತ್ತನೆಯ ಗಿಣ್ಣು. ಮೇಲೆ ಈ ಎಲೆ, ಉಪ್ಪು, ಹಸಿ ಎಣ್ಣೆ. ಅಷ್ಟೇ ಊಟ. ಆಕೆಯ ತಂದೆ ಎಮ್ಮೆ ಸಾಕಿದ್ದವರು. ಚಿಕ್ಕಂದಿನಲ್ಲಿ ಗಿಣ್ಣು ಬಿಸಿಬಿಸಿಯಾಗಿರುವಾಗಲೇ ಕದ್ದು ತಿಂದು ತಾಯಿಯ ಕೈಲಿ ಹೊಡೆಸಿಕೊಳ್ಳುತ್ತಿದ್ದರಂತೆ. ಚೀಸ್ ಎಂದು ಆಕೆ ಹೇಳಿದ್ದನ್ನು ಅತ್ತೆಗೆ ಹೇಗೆ ತಿಳಿಸುವುದೆಂದು ತೋಚದೆ ನಾನೇ ಅದನ್ನು ಗಿಣ್ಣು ಎಂದಿದ್ದೆ.

ಹಿತ್ತಲಲ್ಲಿ ಟೊಮೇಟೊ ಗಿಡಗಳು ಕೆಂಪಾಗಿ ತೂಗುತ್ತಿದ್ದವು. ನಾಟಿ ಹಣ್ಣು, ಮೈಮೇಲೆ ಗೆರೆಗೆರೆ. ಎಲೆಯೂ ಇತ್ತು. ಇಲ್ಲದ್ದು ಗಿಣ್ಣು ಮಾತ್ರ. ಹಾಲು ಕಾಯಿಸಿ, ನಿಂಬೆಹುಳಿ ಹಿಂಡಿ, ಬಟ್ಟೆಯಲ್ಲಿ ಸೋಸಿ ಕಟ್ಟಿಟ್ಟರೆ ಹತ್ತಿರಕ್ಕೆ ಬರುತ್ತದೆ ಎಂದು ಆಕೆ ಕೈಯಲ್ಲಿ ಮಾಡಿ ತೋರಿಸಿದರು. ನನಗೂ ಉಮೇದು ಬಂದು ಅತ್ತೆಯನ್ನು ಕೇಳಿದೆ.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಏನಂದೆ? ಆಲ್ನ ಬೇಕೂಂತ್ಲೆ ಒಡ್ಸೋದಾ?"

"ಪಕ್ಕದ ಮನೆಯಿಂದ ತರೋ ಹಾಲಲ್ಲಿ ಒಂದು ಚೆಂಬಿನಷ್ಟು ಅಷ್ಟೇ ಅತ್ತೆ."

"ಕೊಟ್ಟಿಗೇಲಿ ಅಸ ದಿನ ತುಂಬ್ಕೊಂಡು ನಿಂತದೆ. ಇಂತಾ ಒತ್ನಲ್ಲಿ ಆಲ್ಗೆ ಉಳಿ ಇಂಡಾರಾ? ತಾನಾಗಿ ಒಡುದ್ರೇ ಎದೆ ಅಳ್ಳಂತದೆ. ಬ್ಯಾಡ ಕಣವ್ವ. ಬೇರೆ ಏನ್ ಬೇಕಾದ್ರೂ ಮಾಡ್ಕೊಡಾನ, ಕೇಳು ಆ ಯಮ್ಮನ್ನ."

ಅವರ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು. ನಮ್ಮ ಸೀಮೆಹಸುವಿಗೆ ಅದು ಚೊಚ್ಚಲು. ಅದರ ಮೇಲೆ ಅತ್ತೆಗೆ ಬಹಳ ಪ್ರೀತಿ. ನಾನು ಅತಿಥಿಗೆ ಹೇಗೋ ಅರ್ಥ ಮಾಡಿಸಿದೆ. ಆಕೆ ಕೂಡಲೇ ತಲೆಯಾಡಿಸಿ, ತಮ್ಮ ಅಜ್ಜಿಯೂ ಹಾಲು ಚೆಲ್ಲಿದರೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು ಎಂದರು. ಸಂಜೆ ಹಿತ್ತಲಿಗೆ ಹೋಗಿ ಒಂದು ಟೊಮೇಟೊ ಕಿತ್ತು, ಅಂಗಿಗೆ ಒರೆಸಿಕೊಂಡು, ನಿಂತಲ್ಲೇ ಕಾಮಕಸ್ತೂರಿ ಎಲೆಯ ಜೊತೆ ಕಚ್ಚಿ ತಿಂದರು. ಅತ್ತೆ ಅದನ್ನು ಕಿಟಕಿಯಿಂದ ನೋಡಿದರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಸುವಿಗೆ ನೋವು ಶುರುವಾಯಿತು. ಗಂಡ ಕಾಲೇಜಿಗೆ ಹೋಗಿಯಾಗಿತ್ತು. ಮಾವ ನಾಲೆಯ ನೀರು ತಿರುಗಿಸಲು ಹೋದವರು ಮಧ್ಯಾಹ್ನದ ಮುಂಚೆ ಬರುವ ಹಾಗಿರಲಿಲ್ಲ. ಹಸು ಮಲಗಿತು, ಎದ್ದಿತು, ಮತ್ತೆ ಮಲಗಿತು. ನೀರು ಒಡೆದು ಬಹಳ ಹೊತ್ತಾದರೂ ಕರು ಇಳಿಯಲಿಲ್ಲ. ಒಂದು ಗೊರಸೂ ಮೂತಿಯ ತುದಿಯೂ ಕಂಡವು, ಅಲ್ಲಿಗೇ ನಿಂತವು. ಅತ್ತೆಯ ಮುಖ ಬಿಳುಚಿತು. ಪಕ್ಕದ ಮನೆಯವರು ದನದ ಡಾಕ್ಟರನ್ನು ಕರೆತರಲು ಸೈಕಲ್ ಹತ್ತಿ ಪೇಟೆಗೆ ಹೋದರು.

"ಇನ್ನೊಂದು ಕಾಲು ಇಂದ್ಕೆ ಮಡ್ಸ್ಕಂಡದೆ," ಎಂದು ಅತ್ತೆ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. "ಕೈ ಆಕಿ ತಿರುಗುಸ್ಬೇಕು." ಬಲಗೈ ಮುಷ್ಟಿ ಕಟ್ಟಲು ನೋಡಿದರು. ಬೆರಳುಗಳು ಪೂರ್ತಿ ಮಡಚಲಿಲ್ಲ. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ಅವರನ್ನು ನೋಡಿ ನನಗೆ ಅಳು ಬಂದಂತಾಯಿತು. ನಾನು ಅದುವರೆಗೆ ಕರು ಹಾಕಿಸಿದವಳಲ್ಲ. ನನ್ನ ತವರಿನಲ್ಲಿ ಅದು ಗಂಡಸರ ಕೆಲಸವಾಗಿತ್ತು.

ಅಷ್ಟರಲ್ಲಿ ಹೊರಕೋಣೆಯಿಂದ ಆಕೆ ಬಂದರು. ದೇವಸ್ಥಾನಕ್ಕೆ ಹೊರಟಿದ್ದವರು, ಹೆಗಲಲ್ಲಿ ಚೀಲವಿತ್ತು. ಹಸುವನ್ನು ಒಮ್ಮೆ ನೋಡಿ ಚೀಲ ಕೆಳಗಿಟ್ಟರು, ತೋಳು ಮಡಚಿದರು, ನನ್ನ ಕಡೆ ತಿರುಗಿ ಸೋಪು ಎಂದರು.

"ಬ್ಯಾಡಾನ್ನು! ಮುಟ್ಟಬ್ಯಾಡಾನ್ನು!" ಅತ್ತೆ ಅಡ್ಡ ಬಂದರು.

ಆಕೆ ವಾದ ಮಾಡಲಿಲ್ಲ. ನೆಲದ ಮೇಲೆ ಕೂತು, ತಮ್ಮ ಎಡಗೈಯನ್ನೇ ಹಸುವಿನ ಒಡಲು ಎಂಬಂತೆ ಬಳಸಿ ಹಿಡಿದು, ಬಲಗೈಯಿಂದ ಮಾಡಿ ತೋರಿಸಿದರು. ನೋವು ನಿಂತಾಗ ಕರುವನ್ನು ಮೆಲ್ಲಗೆ ಹಿಂದಕ್ಕೆ ತಳ್ಳುವುದು. ಗೊರಸು ಒಳಗೆ ಗೀರದಂತೆ ಅಂಗೈಯಲ್ಲಿ ಮುಚ್ಚಿಕೊಳ್ಳುವುದು. ಕಾಲನ್ನು ಮುಂದಕ್ಕೆ ತರುವುದು. ಅತ್ತೆ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಆಕೆಯ ಕೈ ಹಿಡಿದು ಬೆರಳುಗಳನ್ನು ನೋಡಿದರು, ಉಗುರು ನೋಡಿದರು. ಸಣ್ಣ ಕೈ, ಉಗುರನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದರು.

"ಅಳ್ಳೆಣ್ಣೆ ತಕ್ಕೊಂಬಾ," ಎಂದರು ನನಗೆ.

ನಾನು ಹರಳೆಣ್ಣೆಯ ಸೀಸೆ, ಬಿಸಿನೀರು, ಸೋಪು ತಂದೆ. ಅತ್ತೆಯೇ ಆಕೆಯ ತೋಳಿಗೆ ಎಣ್ಣೆ ಸವರಿದರು. ನಾನು ಹಸುವಿನ ತಲೆ ಹಿಡಿದುಕೊಂಡೆ. ಮೊದಮೊದಲು ಅತ್ತೆ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರಿಬ್ಬರಿಗೂ ನಾನು ಬೇಡವಾದೆ. ಅತ್ತೆ ಹಸುವಿನ ಹೊಟ್ಟೆಯ ಮೇಲೆ ಎಡಗೈ ಇಟ್ಟು, ನೋವು ಬರುವುದನ್ನು ಮುಂಚಿತವಾಗಿಯೇ ತಿಳಿದು "ತಡಿ, ತಡಿ" ಎನ್ನುವರು. ಆಕೆ ನಿಲ್ಲಿಸುವರು. "ಊಂ, ಈಗ" ಎಂದರೆ ಮತ್ತೆ ಶುರು. ಆಕೆ ತಮ್ಮ ಭಾಷೆಯಲ್ಲಿ ಹಸುವಿಗೆ ಏನೇನೋ ಹೇಳುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಒಮ್ಮೆ ಕಣ್ಣು ಅಗಲ ಮಾಡಿ ತಲೆ ಎತ್ತಿದರು. ಎರಡನೆಯ ಗೊರಸು ಹೊರಗೆ ಬಂದಿತ್ತು. ಅತ್ತೆ ಎಡಗೈಯಲ್ಲಿ ಒಂದು ಕಾಲು, ಆಕೆ ಇನ್ನೊಂದು ಕಾಲು ಹಿಡಿದು, ಹಸು ತಿಣುಕಿದಾಗಲೆಲ್ಲ ಎಳೆದರು. ತಲೆ ಬಂತು, ಭುಜ ಬಂತು, ಆಮೇಲೆ ಕರು ಇಡಿಯಾಗಿ ಜಾರಿ ಹುಲ್ಲಿನ ಮೇಲೆ ಬಿತ್ತು. ಅಲ್ಲಾಡಲಿಲ್ಲ. ಅತ್ತೆ ಅದರ ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದರು. ಆಕೆ ಒಂದು ಹುಲ್ಲುಕಡ್ಡಿ ತೆಗೆದು ಮೂಗಿನ ಹೊಳ್ಳೆಯೊಳಗೆ ಆಡಿಸಿದರು. ಕರು ಸೀನಿತು. ಕಿವಿ ಒದರಿತು.

"ಎಣ್ಗರು!" ಎಂದರು ಅತ್ತೆ. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ದನದ ಡಾಕ್ಟರು ಬಂದಾಗ ಹಸು ಕರುವನ್ನು ನೆಕ್ಕುತ್ತಿತ್ತು. ಅವರು ಎಲ್ಲ ಸರಿಯಾಗಿದೆ ಎಂದು ನೋಡಿ, ಒಂದು ಸೂಜಿ ಹಾಕಿ, ಕಾಫಿ ಕುಡಿದು ಹೋದರು. ಕರು ಎದ್ದು ನಿಂತು ಮೊದಲ ಹಾಲು ಕುಡಿಯುವವರೆಗೆ ಮೂವರೂ ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

ಆಮೇಲೆ ಅತ್ತೆ ಹಂಡೆಗೆ ಉರಿ ಹಾಕಿದರು. ಆಕೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಮಣೆಯ ಮೇಲೆ ಕೂರಿಸಿ, ತಲೆಗೆ ಸೀಗೇಕಾಯಿ ಹಾಕಿ ತಾವೇ ನೀರು ಹುಯ್ದರು. ಹೊಸ ಬಾಣಂತಿಗೆ ಹುಯ್ಯುವ ಹಾಗೆ ಬೆನ್ನು ತಿಕ್ಕಿದರು. ಕಣ್ಣಿಗೆ ಸೀಗೇಪುಡಿ ಬಿದ್ದು ಆಕೆ ಕೂಗಿಕೊಂಡದ್ದೂ ಅತ್ತೆ ನಕ್ಕದ್ದೂ ನನಗೆ ಅಡುಗೆಮನೆಗೆ ಕೇಳಿಸಿತು. ಹೊರಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅತ್ತೆ ಕೇಳಿದರು:

"ಅವತ್ತು ಆ ಯಮ್ಮ ಅದ್ಯಾತರದೋ ಗಿಣ್ಣ ಅಂದಿದ್ಲಲ್ಲಾ, ಅದು ಸೀನಾ, ಸಪ್ಪೇನಾ?"

"ಸಪ್ಪೆ ಅತ್ತೆ. ಮೇಲೆ ಉಪ್ಪು ಹಾಕ್ಕೋತಾರಂತೆ."

"ಅಂಗಾದ್ರೆ ನಾಳೀಕೆ ಗಿಣ್ಣ ಬೇಯ್ಸುವಾಗ ಒಂದು ತಟ್ಟೆ ಬೆಲ್ಲ ಆಕ್ದೆ ಇಡವ್ವ. ಅದೇನ್ ನಾವು ಒಡ್ಸೋದಲ್ಲ. ತಾನೇ ಗಟ್ಟಿಯಾಯ್ತದೆ."

ನನಗೆ ಇದು ಹೊಳೆದೇ ಇರಲಿಲ್ಲ. ಗಿಣ್ಣು ಎಂಬ ಹೆಸರು ಕೊಟ್ಟವಳು ನಾನೇ. ಆದರೆ ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಹುಳಿಯೂ ಬೇಡ ಹೆಪ್ಪೂ ಬೇಡ, ಹಬೆಯಲ್ಲಿಟ್ಟರೆ ತಾನಾಗಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಇದಕ್ಕೆ ಜೋಡಿಸಿದ್ದು ಅತ್ತೆ. ಒಲೆಯ ಮುಂದೆ ಕೂತು ಅದನ್ನು ಯಾವಾಗ ಯೋಚಿಸಿದ್ದರೋ.

ಮರುದಿನ ಬೆಲ್ಲ ಏಲಕ್ಕಿ ಹಾಕಿದ ಗಿಣ್ಣನ್ನು ದೇವರ ಮುಂದಿಟ್ಟು, ಅಕ್ಕಪಕ್ಕದ ಮನೆಗಳಿಗೆ ಹಂಚಿದ್ದಾಯಿತು. ಬೆಲ್ಲವಿಲ್ಲದ ತಟ್ಟೆಯನ್ನು ಒದ್ದೆ ಬಟ್ಟೆಯ ಮೇಲೆ ಆರಲಿಟ್ಟಿದ್ದೆ. ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಆಕೆ ದೇವಸ್ಥಾನಕ್ಕೆ ಹೋಗದೆ ಬೆಳಗಿನಿಂದ ಅದರ ಸುತ್ತಲೇ ಸುಳಿಯುತ್ತಿದ್ದರು. ಬೆರಳಿನಿಂದ ಒತ್ತಿ ನೋಡಿದರು, ಮೂಸಿದರು, ಒಂದು ಚೂರು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಿಸಿದರು. ಅದಲ್ಲ, ಆದರೆ ಅದರ ನೆಂಟರು, ಎಂದರು. ಇಂಗ್ಲಿಷಿನಲ್ಲಿ ಆಕೆ ಹೇಳಿದ್ದು ಬೇರೆ ಏನೋ ಇದ್ದಿರಬಹುದು, ನನಗೆ ಅರ್ಥವಾದದ್ದು ಹೀಗೆ.

ಹಿತ್ತಲಿಂದ ನಾನು ಟೊಮೇಟೊ ತಂದೆ. ಈಳಿಗೆಮಣೆಯ ಮೇಲೆ ಕೂರಲು ಆಕೆಗೆ ಬರಲಿಲ್ಲ. ಎರಡು ಹಣ್ಣು ಹೋಳು ಹೋಳಾದ ಮೇಲೆ ಅತ್ತೆ ಆಕೆಯನ್ನು ಎಬ್ಬಿಸಿ ತಾವೇ ಕೂತರು. ಎಡಗೈಯಲ್ಲಿ ಹಣ್ಣು ತಿರುಗಿಸುತ್ತಾ, ಬಲಗೈಯನ್ನು ಸುಮ್ಮನೆ ಆನಿಸಿಕೊಂಡು, ತೆಳ್ಳಗೆ ಬಿಲ್ಲೆಗಳನ್ನು ಇಳಿಸಿದರು. ರಸ ಹರಿದು ಮಣೆಯೆಲ್ಲ ಕೆಂಪಾಯಿತು. ಗಿಣ್ಣನ್ನು ಆಕೆ ಚಾಕುವಿನಿಂದ ಕೊಯ್ದರು. ಬಾಳೆಎಲೆಯ ಮೇಲೆ ಒಂದು ಕೆಂಪು ಬಿಲ್ಲೆ, ಅದಕ್ಕೆ ಒರಗಿಕೊಂಡಂತೆ ಒಂದು ಬಿಳಿ ಬಿಲ್ಲೆ, ಹೀಗೆ ಸುತ್ತಲೂ ಜೋಡಿಸುತ್ತಾ ಹೋದರು. ಕಾಮಕಸ್ತೂರಿ ಎಲೆಯನ್ನು ಕತ್ತರಿಸಬಾರದು, ಕೈಯಲ್ಲೇ ಹರಿಯಬೇಕು ಎಂದರು. ಕಲ್ಲುಪ್ಪನ್ನು ನಾನು ಕುಟ್ಟಿ ಕೊಟ್ಟೆ, ಮೆಣಸನ್ನೂ.

ಎಣ್ಣೆಯ ಹತ್ತಿರ ಸ್ವಲ್ಪ ತಡವಾಯಿತು. ಅವರ ಕಡೆಯ ಎಣ್ಣೆ ನಮ್ಮಲ್ಲಿ ಎಲ್ಲಿಂದ ಬರಬೇಕು? ನಮ್ಮಲ್ಲಿದ್ದದ್ದು ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಗಾಣದಲ್ಲಿ ಆಡಿಸಿದ ಹುಚ್ಚೆಳ್ಳೆಣ್ಣೆ. ಆಕೆ ಮೂರನ್ನೂ ಅಂಗೈಗೆ ಒಂದೊಂದು ಹನಿ ಹಾಕಿಸಿಕೊಂಡು ನೆಕ್ಕಿ, ಹುಚ್ಚೆಳ್ಳೆಣ್ಣೆಯ ಸೀಸೆಯನ್ನು ಎದೆಗವಚಿಕೊಂಡರು. ಅಷ್ಟರಲ್ಲಿ ಅತ್ತೆ ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು ಸಾಸಿವೆ ಡಬ್ಬಿ ತೆಗೆದಿದ್ದರು. ಆಕೆ ಓಡಿಹೋಗಿ ಅವರ ಕೈ ಹಿಡಿದುಕೊಂಡು, ಬೇಡ, ಬೆಂಕಿ ಬೇಡ ಎಂದು ತಲೆಯಾಡಿಸಿದರು.

"ಒಗ್ಗರ್ಣೆ ಇಲ್ದೆ ಎಂಗವ್ವಾ ತಿನ್ನೋದು? ಅಸಿ ಎಣ್ಣೆ ಗಂಟ್ಲು ಕಟ್ಟಲ್ವಾ?"

ಕಟ್ಟುವುದಿಲ್ಲ ಎಂದು ಆಕೆ ಎದೆ ಮುಟ್ಟಿ ಆಣೆ ಮಾಡಿದರು. ಅತ್ತೆ ಸೌಟು ಇಳಿಸಿದರು.

ಮಧ್ಯಾಹ್ನ ಮಾವ, ನನ್ನ ಗಂಡ ಇಬ್ಬರೂ ಇದ್ದರು. ರಾಗಿರೊಟ್ಟಿ ಮಾಡಿದ್ದೆ. ಎಲೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂತೆವು. ನಮ್ಮ ಮನೆಯಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಊಟಕ್ಕೆ ಕೂತದ್ದು ನಾನು ಕಂಡಂತೆ ಅದೇ ಮೊದಲು. ಬೇರೆ ಬೇರೆ ಬಡಿಸುವಂಥ ಅಡುಗೆಯೇ ಅದಾಗಿರಲಿಲ್ಲವಲ್ಲ.

ನಾನು ರೊಟ್ಟಿಯ ಮೇಲೆ ಕೆಂಪು, ಬಿಳಿ, ಹಸಿರು ಮೂರನ್ನೂ ಇಟ್ಟು ಬಾಯಿಗಿಟ್ಟೆ. ಹುಳಿ ಮೊದಲು ಬಂತು, ಆಮೇಲೆ ಗಿಣ್ಣಿನ ಜಿಡ್ಡು ಅದನ್ನು ತಣಿಸಿತು, ಹುಚ್ಚೆಳ್ಳಿನ ಹುರಿದಂಥ ವಾಸನೆ ಕೊನೆಗೆ ಉಳಿಯಿತು. ತಲೆಯಲ್ಲಿ ಮುಡಿಯುವ ಎಲೆ ನಾಲಿಗೆಯ ಮೇಲೆ ಲವಂಗದ ಹಾಗೆ ಚುರುಗುಟ್ಟಿತು. ನನಗೆ ಬಹಳ ಹಿಡಿಸಿತು. ಇನ್ನೊಂದು ರೊಟ್ಟಿ ತಂದೆ.

ಮಾವ ನಿಧಾನವಾಗಿ ಅಗಿದು, "ಬೇಯ್ಸಿದ್ರೆ ಇನ್ನೂ ಚೆಂದಾಗಿರೋದು," ಎಂದರು. ಆದರೆ ಕೈ ಎಲೆಯ ಕಡೆಗೇ ಹೋಗುತ್ತಿತ್ತು. ನನ್ನ ಗಂಡ ಎರಡನೆಯ ರೊಟ್ಟಿಗೆ ಕೈ ಚಾಚಿದರು. ಆಕೆ ಮಾತ್ರ ಮುಖ ಒಂದಿಷ್ಟು ಕಿವುಚಿ, ಟೊಮೇಟೊ ಹುಳಿ ಜಾಸ್ತಿ, ಎಣ್ಣೆಯ ಘಾಟು ಜಾಸ್ತಿ ಎಂದು ನನಗೆ ಹೇಳಿದರು. ಹೇಳಿದವರೇ ಎಲೆಯ ಮೇಲೆ ಉಳಿದಿದ್ದ ರಸವನ್ನು ರೊಟ್ಟಿಯ ತುಂಡಿನಿಂದ ಒರೆಸಿ ಒರೆಸಿ ತಿಂದು, ಬೆರಳು ನೆಕ್ಕಿದರು. ಊರು ಬಿಟ್ಟ ಮೇಲೆ ಹೊಟ್ಟೆ ಇಷ್ಟು ಹಗುರವಾಗಿ ತುಂಬಿದ್ದು ಇವತ್ತೇ ಎಂದರು.

ಅತ್ತೆ ಎಲ್ಲರಿಗಿಂತ ತಡವಾಗಿ ಕೈ ಹಾಕಿದರು. ಒಂದು ಬಿಲ್ಲೆ ತಿಂದು ಯೋಚಿಸಿದರು. ಎದ್ದು ಹೋಗಿ ಒಂದು ಹಸಿಮೆಣಸಿನಕಾಯಿ ತಂದು, ಉಪ್ಪಿನ ಜೊತೆ ಬೆರಳಲ್ಲೇ ಜಜ್ಜಿ, ತಮ್ಮ ಪಾಲಿನ ಮೇಲೆ ಹರಡಿಕೊಂಡು ತಿಂದರು. ಆಗ ಸಮಾಧಾನವಾಯಿತು. ಆಕೆಯ ಕಡೆಗೂ ಒಂದಿಷ್ಟು ಚಾಚಿದರು. ಆಕೆ ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಇನ್ನೂ ಬೇಕು ಎಂದು ಕೈ ನೀಡಿದರು.

"ತಿನ್ಲಿ ಬುಡು, ಗಟ್ಟಿಗಿತ್ತಿ," ಎಂದರು ಅತ್ತೆ. ಅವರ ಬಾಯಿಂದ ಅಂಥ ಮಾತು ಸುಲಭಕ್ಕೆ ಬರುತ್ತಿರಲಿಲ್ಲ.

ಗಿಣ್ಣಿಗೆ ಉಪ್ಪು ಹಾಕಿ ಹಸಿ ಟೊಮೇಟೊ ಜೊತೆ ತಿಂದರಂತೆ ಎಂಬ ಸುದ್ದಿ ಸಂಜೆಯೊಳಗೆ ಬೀದಿಯೆಲ್ಲ ಹಬ್ಬಿತ್ತು. ಎದುರುಮನೆಯ ಅಜ್ಜಿ ಬಂದು, ಹಸುವಿಗೆ ಏನಾದರೂ ಆದೀತು ಎಂದು ಆತಂಕಪಟ್ಟರು. ಏನೂ ಆಗಲಿಲ್ಲ. ಹಸು ಎರಡೂ ಹೊತ್ತು ಕೆಚ್ಚಲು ತುಂಬ ಹಾಲು ಕೊಟ್ಟಿತು. ಕರು ಅಂಗಳದಲ್ಲಿ ನೆಗೆದಾಡಿ ಒಣಗಲು ಹಾಕಿದ್ದ ಸಂಡಿಗೆ ತುಳಿಯಿತು.

ಆಕೆ ಮುಂಗಾರು ಶುರುವಾಗುವ ಮೊದಲು ಹೊರಟರು. ಹೊರಡುವ ದಿನ ದೊಡ್ಡದೊಂದು ಕಾಗದ ತಂದು ಅತ್ತೆಯ ಮುಂದೆ ಬಿಚ್ಚಿದರು. ದೇವಸ್ಥಾನದ ಆನೆ ಕುದುರೆಗಳ ಚಿತ್ರವಿರಬಹುದು ಎಂದು ನಾನು ಅಂದುಕೊಂಡಿದ್ದೆ. ಇದ್ದದ್ದು ನಮ್ಮ ಹಸು. ಕತ್ತು ಹಿಂದಕ್ಕೆ ತಿರುಗಿಸಿ ಕರುವನ್ನು ನೆಕ್ಕುತ್ತಿತ್ತು. ಹಣೆಯ ಮೇಲಿನ ಮಚ್ಚೆ, ಕಿವಿಯ ಅಂಚಿನ ಹರಕು, ಒಂದೂ ತಪ್ಪಿರಲಿಲ್ಲ.

ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆಂದು ಆಕೆ ಕಾದು ನಿಂತಿದ್ದರು.

"ಕತ್ತಿಗೆ ಅಗ್ಗಾನೇ ಬರ್ದಿಲ್ವಲ್ಲವ್ವಾ," ಎಂದರು ಅತ್ತೆ. "ಇಂಗ್ ಬುಟ್ರೆ ಎದ್ದೋಗಿ ಯಾರ್ದಾದ್ರೂ ರಾಗಿ ಪೈರು ಮೇಯ್ತದೆ, ಏಳು ಆ ಯಮ್ಮಂಗೆ."

ನಾನು ಹೇಳಿದೆ. ಆಕೆ ಜೋರಾಗಿ ನಕ್ಕು, ಚೀಲದಿಂದ ಪೆನ್ಸಿಲ್ ತೆಗೆದು ಹೊಸಿಲ ಮೇಲೆ ಕೂತರು. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಗ್ಗ ಎಲ್ಲಿಂದ ಎಲ್ಲಿಗೆ ಬರಬೇಕು, ಗೂಟ ಯಾವ ಕಡೆ ಇದೆ ಎಂದು ಬೆರಳಿಟ್ಟು ತೋರಿಸಿದರು. ಗಂಟು ಹಾಕುವ ಬಗೆ ಆಕೆಗೆ ತಿಳಿಯಲಿಲ್ಲವೆಂದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ನಿಜವಾದ ಗಂಟನ್ನೇ ತೋರಿಸಿ ತಂದರು. ಬಸ್ಸಿಗೆ ಹೊತ್ತಾಯಿತು ಎಂದು ನನ್ನ ಗಂಡ ಬೀದಿಯಲ್ಲಿ ನಿಂತು ಕೂಗುತ್ತಿದ್ದರೂ ಇಬ್ಬರೂ ಏಳಲಿಲ್ಲ.